ವಂಡರ್‌ಲಾ ಪ್ರವಾಸ: ಬ್ಯಾಗಿನಲ್ಲಿ ಏನಿರಬೇಕು?

ಕ್ವಾರ್ಟರ್ಲಿ ಪರೀಕ್ಷೆ ಮುಗಿದು ರಜೆ ಸಿಕ್ಕಿತೆಂದರೆ ಹೊಸೂರಿನ ನಮ್ಮ ಯುವ ಬಳಗದಲ್ಲಿ ಮೊದಲು ಏಳುವ ಮಾತು ಪ್ರವಾಸದ್ದು. ವೇಳಾಂಗಣ್ಣಿ ದೂರ, ಊಟಿ ಚಳಿ, ಹೊಗೇನಕಲ್ ಎಲ್ಲರೂ ನೋಡಿದ್ದೇ. ಸುತ್ತಿ ಬಳಸಿ ಮಾತು ಬಂದು ನಿಲ್ಲುವುದು ಬಿಡದಿಯ ವಂಡರ್‌ಲಾ ಹತ್ತಿರವೇ. 2005ರಲ್ಲಿ ಶುರುವಾದ ಪಾರ್ಕ್ ಅದು, ನಮ್ಮ ಬಳಗದ ಅರ್ಧಕ್ಕರ್ಧ ಜನ ಅದಕ್ಕಿಂತ ಚಿಕ್ಕವರು. ಬೆಳಿಗ್ಗೆ ಮೊದಲ ಪೂಜೆ ಮುಗಿಸಿ ಬಸ್ಸು ಹತ್ತಿ, ಅತ್ತಿಬೆಲೆ ದಾಟಿ, ಎಲೆಕ್ಟ್ರಾನಿಕ್ ಸಿಟಿ ಹತ್ತಿರ ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆಗೆ ಸೇರಿದರೆ, ಗೇಟು ತೆರೆಯುವ ಹೊತ್ತಿಗೆ ಅಲ್ಲಿರುತ್ತೇವೆ.

ಪ್ರತಿ ಸಲವೂ ವಾಟ್ಸಾಪ್ ಗುಂಪಿನಲ್ಲಿ ಬರುವ ಪ್ರಶ್ನೆ ಒಂದೇ: "ಅಕ್ಕಾ, ಬ್ಯಾಗಲ್ಲಿ ಏನೇನು ತರಬೇಕು?" ಹತ್ತು ಜನಕ್ಕೆ ಹತ್ತು ಸಲ ಉತ್ತರ ಬರೆಯುವ ಬದಲು ಇಲ್ಲಿ ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ನಮ್ಮಲ್ಲಿ ಬ್ಯಾಗು ಎರಡು ಬಗೆ. ಒಂದು ಅವರವರ ಸಣ್ಣ ಬ್ಯಾಗು. ಇನ್ನೊಂದು ಬಳಗದ ಬ್ಯಾಗು, ಅಂದರೆ ಎಲ್ಲರಿಗೂ ಸೇರಿದ್ದು. ಸಣ್ಣ ಬ್ಯಾಗಿನ ವಿಷಯ ಬೇಗ ಮುಗಿಯುತ್ತದೆ. ಒಂದು ಜೊತೆ ಒಣ ಬಟ್ಟೆ, ಒಳ ಉಡುಪು ಮರೆಯದೆ. ಒಂದು ತೆಳು ಟವೆಲ್. ದಪ್ಪ ಟರ್ಕಿ ಟವೆಲ್ ಅರ್ಧ ಬ್ಯಾಗು ನುಂಗುತ್ತದೆ, ಒದ್ದೆಯಾದರೆ ಹೊರಲಾಗದು. ಈರೋಡಿನ ತೆಳು ಟವೆಲ್ ಸಾಕು, ಬಸ್ಸಿನ ಕಿಟಕಿಗೆ ಕಟ್ಟಿದರೆ ಅತ್ತಿಬೆಲೆಗೆ ಬರುವಷ್ಟರಲ್ಲಿ ಒಣಗಿರುತ್ತದೆ. ಒದ್ದೆ ಬಟ್ಟೆಗೆ ಗಟ್ಟಿ ಪ್ಲಾಸ್ಟಿಕ್ ಕವರ್ ಎರಡು. ಖಾಲಿ ನೀರಿನ ಬಾಟಲ್, ಕುಡಿಯುವ ನೀರು ಒಳಗೆ ತುಂಬಿಸಿಕೊಳ್ಳಬಹುದು. ಹಿಂದೆ ಪಟ್ಟಿ ಇರುವ ಸ್ಯಾಂಡಲ್. ಹವಾಯಿ ಚಪ್ಪಲಿ ಹಾಕಿಕೊಂಡವರು ರೈಡಿನ ಬಾಗಿಲಲ್ಲಿ ಬಿಚ್ಚಿ, ಇಳಿದ ಮೇಲೆ ಹುಡುಕುವುದರಲ್ಲೇ ಅರ್ಧ ದಿನ ಕಳೆಯುತ್ತಾರೆ. ಕನ್ನಡಕದವರು ಅದರ ಹಿಂದೆ ಕಟ್ಟುವ ದಾರ ತನ್ನಿ. ಆಧಾರ್ ಕಾರ್ಡು, ವಿದ್ಯಾರ್ಥಿ ಗುರುತಿನ ಚೀಟಿ ಇರಲಿ. (ಆಧಾರ್‌ನಲ್ಲಿ ಹೆಸರು ತಮಿಳಿನಲ್ಲಿದೆಯಲ್ಲ ಎಂದು ಯಾರೋ ಕೇಳಿದ್ದರು. ಪಕ್ಕದಲ್ಲೇ ಇಂಗ್ಲಿಷಿನಲ್ಲೂ ಇದೆ, ಭಯ ಬೇಡ.)

ಟಿಕೆಟ್ಟಿನ ಲೆಕ್ಕ ವಯಸ್ಸಿನದಲ್ಲ, ಎತ್ತರದ್ದು. 85 ಸೆಂ.ಮೀ.ಗಿಂತ ಕುಳ್ಳಗಿರುವ ಮಕ್ಕಳಿಗೆ ಟಿಕೆಟ್ ಇಲ್ಲ, 140 ಸೆಂ.ಮೀ.ವರೆಗೆ ಮಕ್ಕಳ ಟಿಕೆಟ್, ಅದಕ್ಕೂ ಮೇಲಿದ್ದರೆ ದೊಡ್ಡವರದು. ಆದ್ದರಿಂದ ನಾವು ಎರಡು ವಾರ ಮೊದಲೇ, ಧರ್ಮೋಪದೇಶದ ತರಗತಿ ಮುಗಿದ ಮೇಲೆ, ಗೋಡೆಗೆ ಟೇಪು ಅಂಟಿಸಿ ಮಕ್ಕಳ ಎತ್ತರ ಅಳೆಯುತ್ತೇವೆ. 139 ಇದ್ದವನು ಎರಡು ವಾರದಲ್ಲಿ ಬೆಳೆದುಬಿಟ್ಟರೆ ಎಂದು ಅವನ ತಾಯಿಗೆ ಚಿಂತೆ. ನಗು ಬರುತ್ತದೆ, ಆದರೆ ಆ ಚಿಂತೆ ಸುಳ್ಳಲ್ಲ. ಮೂರು ಮಕ್ಕಳ ಮನೆಗೆ ಒಂದು ಟಿಕೆಟ್ಟಿನ ವ್ಯತ್ಯಾಸವೂ ದೊಡ್ಡದೇ.

ಈಗ ಬಳಗದ ಬ್ಯಾಗಿಗೆ ಬರೋಣ. ನಾವು ಇದನ್ನು ಬರೆಯಲು ಕೂತದ್ದೇ ಅದಕ್ಕಾಗಿ.

ನೀರಿನ ಆಟಗಳಿಗೆ ಹತ್ತಿ ಬಟ್ಟೆ ಹಾಕಿಕೊಂಡು ಇಳಿಯುವಂತಿಲ್ಲ. ನೈಲಾನ್, ಪಾಲಿಯೆಸ್ಟರ್, ಲೈಕ್ರಾ ಬಗೆಯ ಬಟ್ಟೆ ಬೇಕು. ಇದು ಬರೀ ಹಟದ ನಿಯಮವಲ್ಲ. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಜಾರುಬಂಡೆಯಲ್ಲಿ ತಡೆಯುತ್ತದೆ, ಅದರ ನೂಲು ಬಿಟ್ಟು ಹೋಗಿ ಕೊಳದ ಫಿಲ್ಟರಿಗೆ ಸೇರುತ್ತದೆ. ಚೂಡಿದಾರ್, ಜೀನ್ಸ್, ಲುಂಗಿ ಯಾವುದೂ ಆಗದು. ಬಟ್ಟೆ ಇಲ್ಲದವರು ಅಲ್ಲಿನ ಅಂಗಡಿಯಲ್ಲಿ ಕೊಳ್ಳಬಹುದು. ಆದರೆ ಟಿಕೆಟ್ ಹಣ, ಬಸ್ಸಿನ ಹಣ, ಊಟದ ಹಣ ಹೊಂದಿಸಿ ಕಳುಹಿಸಿದ ಮನೆಯಿಂದ ಇನ್ನೊಂದು ನೋಟು ಬರುವುದು ಕಷ್ಟ.

ಆಗ ಏನಾಗುತ್ತದೆ ಗೊತ್ತೇ? ಮಗುವಿಗೆ ನೆಗಡಿ ಆಗುತ್ತದೆ.

"ಅವಳಿಗೆ ಸ್ವಲ್ಪ ನೆಗಡಿ ಇದೆಯಮ್ಮಾ, ನೀರಿಗೆ ಇಳಿಸಬೇಡಿ" ಎಂದು ಬಸ್ಸಿನ ಬಾಗಿಲಲ್ಲಿ ನಿಂತು ತಾಯಿ ಮೆಲ್ಲಗೆ ಹೇಳುತ್ತಾರೆ. ಮಗು ಸುಮ್ಮನೆ ತಲೆಯಾಡಿಸುತ್ತದೆ. ಮೂಗು ಸೋರುವುದಿಲ್ಲ, ಕೆಮ್ಮು ಇಲ್ಲ. ಯಾವ ಪಾರ್ಕಿಗಾದರೂ ಹೋಗಿ ನೋಡಿ, ಅಲೆಗಳ ಕೊಳದ ದಂಡೆಯಲ್ಲಿ ಎಲ್ಲರ ಚಪ್ಪಲಿ, ಟವೆಲ್ ಕಾಯುತ್ತಾ ಕೂತ ಒಂದಿಬ್ಬರು ಮಕ್ಕಳು ಇದ್ದೇ ಇರುತ್ತಾರೆ. ಅಲೆ ಬರುವ ಮೊದಲು ಸದ್ದಾದಾಗ ಎಲ್ಲರಂತೆ ಅವರೂ ಎದ್ದು ನಿಲ್ಲುತ್ತಾರೆ, ಆಮೇಲೆ ಕೂರುತ್ತಾರೆ. ಯಾಕೆ ಇಳಿಯಲಿಲ್ಲ ಎಂದು ಕೇಳಿದರೆ ನೆಗಡಿ ಎನ್ನುತ್ತಾರೆ. ಅವರೆಲ್ಲರಿಗೂ ಬಟ್ಟೆಯ ತೊಂದರೆಯೇ ಎಂದು ನಾವು ಹೇಳುತ್ತಿಲ್ಲ. ನಿಜವಾದ ನೆಗಡಿಯೂ ಇರಬಹುದು, ನೀರಿನ ಭಯವೂ ಇರಬಹುದು. ಆದರೆ ನಮ್ಮ ಬೀದಿಯ ನೆಗಡಿ ಯಾವುದು ಎಂಬುದು ನಮಗೆ ಗೊತ್ತು. ನಮ್ಮಲ್ಲಿ ಕೆಲವರು ಚಿಕ್ಕಂದಿನಲ್ಲಿ ಅದೇ ನೆಗಡಿ ಹಿಡಿಸಿಕೊಂಡು ಕೂತವರೇ.

ಹಾಗಾಗಿ ಬಳಗದ ಬ್ಯಾಗಿನಲ್ಲಿ ಮೊದಲು ತುಂಬುವುದು ನೀರಿನ ಬಟ್ಟೆ. ಇದಕ್ಕೆ ಹೊಸದಾಗಿ ಖರೀದಿಯೇ ಬೇಕೆಂದಿಲ್ಲ. ಶಾಲೆಯ ಕಬಡ್ಡಿ ಜೆರ್ಸಿ, ಹಳೆಯ ಫುಟ್‌ಬಾಲ್ ಜೆರ್ಸಿ, ಓಟದ ಚಡ್ಡಿ, ಟ್ರ್ಯಾಕ್ ಪ್ಯಾಂಟ್ ಇವುಗಳಲ್ಲಿ ಬಹಳಷ್ಟು ಪಾಲಿಯೆಸ್ಟರೇ. ಕುತ್ತಿಗೆಯ ಹಿಂದಿನ ಲೇಬಲ್ ಓದಿ. ಲೇಬಲ್ ಹರಿದಿದ್ದರೆ ಒಂದು ಹನಿ ನೀರು ಹಾಕಿ ನೋಡಿ. ಹತ್ತಿಯಾದರೆ ನೀರು ಹೀರಿ ಒದ್ದೆಯಾಗಿಯೇ ಕೂರುತ್ತದೆ, ಪಾಲಿಯೆಸ್ಟರ್ ಆದರೆ ಕೊಡವಿದರೆ ಬೇಗ ಒಣಗುತ್ತದೆ. ಮೋಸ ಹೋಗುವುದು ಲೆಗ್ಗಿಂಗ್ಸ್‌ನಲ್ಲಿ. ಎಳೆದರೆ ರಬ್ಬರಿನಂತೆ ಬರುತ್ತದೆ, ಲೈಕ್ರಾ ಎಂದುಕೊಳ್ಳುತ್ತೇವೆ. ಒಳಗೆ ನೂರಕ್ಕೆ ತೊಂಬತ್ತು ಪಾಲು ಹತ್ತಿ ಇರುವುದೇ ಹೆಚ್ಚು. ನಮ್ಮ ಹೆಣ್ಣುಮಕ್ಕಳು ಮೈತುಂಬ ಮುಚ್ಚುವ ಬಟ್ಟೆಯೇ ಇಷ್ಟಪಡುತ್ತಾರೆ, ಮನೆಯವರೂ ಅದನ್ನೇ ಬಯಸುತ್ತಾರೆ. ತುಂಬು ತೋಳಿನ ನೈಲಾನ್ ಅಂಗಿ, ಪಾದದವರೆಗಿನ ನೈಲಾನ್ ಪ್ಯಾಂಟು ಸಿಗುತ್ತವೆ, ಅವಕ್ಕೆ ತಡೆಯಿಲ್ಲ. ಕೊನೆಯ ಮಾತು ಬಾಗಿಲಲ್ಲಿ ನಿಂತ ಸಿಬ್ಬಂದಿಯದು, ಆದ್ದರಿಂದ ಸಂಶಯವಿದ್ದರೆ ಮೊದಲೇ ಫೋನ್ ಮಾಡಿ ಕೇಳಿಬಿಡುತ್ತೇವೆ.

ಬಟ್ಟೆ ಕೂಡಿಸುವುದು ಸುಲಭ, ಕೊಡುವುದು ಕಷ್ಟ. "ಯಾರ ಹತ್ತಿರ ಬಟ್ಟೆ ಇಲ್ಲ, ಕೈ ಎತ್ತಿ" ಎಂದರೆ ಒಂದು ಕೈಯೂ ಮೇಲೇಳದು, ಏಳಲೂ ಬಾರದು. ನಮ್ಮ ಬಳಗದ ಹಿರಿಯ ಅಕ್ಕ ಒಬ್ಬರು ಒಂದು ದಾರಿ ಹುಡುಕಿದರು. ಬಟ್ಟೆ ತಂದವರೂ, ತರದವರೂ, ಎಲ್ಲ ಚಿಕ್ಕ ಮಕ್ಕಳೂ ಬಳಗದ ಪೆಟ್ಟಿಗೆಯ ಬಟ್ಟೆಯನ್ನೇ ಹಾಕಿಕೊಳ್ಳುವುದು. ಕಿತ್ತಳೆ, ಹಸಿರು, ನೀಲಿ ಎಂದು ಜೆರ್ಸಿಯ ಬಣ್ಣದ ಮೇಲೆ ತಂಡ. ದೊಡ್ಡವರಿಗೆ ಜನಜಂಗುಳಿಯಲ್ಲಿ ಮಕ್ಕಳನ್ನು ಗುರುತಿಸಲು ಅನುಕೂಲ. ಮಕ್ಕಳಿಗೆ ಅದು ತಂಡದ ಬಟ್ಟೆ, ಅಷ್ಟೇ. ಹೋದ ಸಲ 41 ಜನ ಹೋಗಿದ್ದೆವು, ಒಬ್ಬರಿಗೂ ನೆಗಡಿ ಇರಲಿಲ್ಲ.

ಬಳಗದ ಬ್ಯಾಗಿನ ಪಕ್ಕದ ಜೇಬಿನಲ್ಲಿ ಸ್ಯಾನಿಟರಿ ಪ್ಯಾಡುಗಳು, ಹಳೆಯ ಪತ್ರಿಕೆ, ಒಂದು ಗಾಢ ಬಣ್ಣದ ಟ್ರ್ಯಾಕ್ ಪ್ಯಾಂಟ್. ಆ ಜೇಬನ್ನು ಯಾರೂ ಕೇಳದೆ ತೆರೆಯಬಹುದು. ಹುಡುಗರಿಗೂ ಆ ಜೇಬಿನಲ್ಲಿ ಏನಿದೆ ಎಂದು ಹೇಳಿದ್ದೇವೆ, ಮುಚ್ಚುಮರೆ ಇಲ್ಲ. ಆ ದಿನಗಳಲ್ಲಿ ನೀರಿಗೆ ಇಳಿಯದ ಹುಡುಗಿಗೆ ಮಾಡಲು ಕೆಲಸ ಹಚ್ಚಬೇಡಿ. ಚಪ್ಪಲಿ ಕಾಯುವ ಕೆಲಸವಂತೂ ಬೇಡ. ಆಕಾಶದ ಕಡೆ ಏರುವ ಸ್ಕೈ ವೀಲ್ ಇದೆ, ಒಣ ರೈಡುಗಳು ಬೇಕಾದಷ್ಟಿವೆ, ಜೊತೆಗೆ ಇಬ್ಬರು ಹೋಗಲಿ.

ಔಷಧಿಯ ವಿಷಯದಲ್ಲಿ ನಾವು ಸ್ವಲ್ಪ ಹಟಮಾರಿಗಳು. ದಮ್ಮಿನವರ ಇನ್‌ಹೇಲರ್ ಲಾಕರಿನಲ್ಲಿ ಇಡುವಂತಿಲ್ಲ. ಲಾಕರ್ ಒಂದು ಮೂಲೆಯಲ್ಲಿ, ಉಸಿರು ಕಟ್ಟಿದ ಹುಡುಗ ಇನ್ನೊಂದು ಮೂಲೆಯಲ್ಲಿ ಆದರೆ ಏನು ಪ್ರಯೋಜನ? ಅದು ನೀರು ಹೋಗದ ಚಿಕ್ಕ ಚೀಲದಲ್ಲಿ, ಜೊತೆಗಿರುವ ದೊಡ್ಡವರ ಸೊಂಟಕ್ಕೆ. ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಅದನ್ನು ಬಿಸಿಲಿನಲ್ಲಿ ನಿಂತ ಬಸ್ಸಿನಲ್ಲಿ ಬಿಡಬಾರದು, ಬಿಸಿಗೆ ಕೆಡುತ್ತದೆ. ಅವರಿಗೆ ತಕ್ಷಣ ಬಾಯಿಗೆ ಹಾಕಲು ಸಕ್ಕರೆ ಇರಲೇಬೇಕು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಾದ್ದರಿಂದ ವೈದ್ಯರ ಚೀಟಿ ಜೊತೆಗಿಟ್ಟುಕೊಳ್ಳಿ. ಓ.ಆರ್.ಎಸ್. ಪೊಟ್ಟಣ ಕಲಸುವ ಮೊದಲು ಅದರ ಮೇಲೆ ಬರೆದದ್ದನ್ನು ಓದಿ, ದೊಡ್ಡದು ಒಂದು ಲೀಟರಿಗೆ, ಸಣ್ಣದು 200 ಮಿ.ಲೀ.ಗೆ. ಅಂದಾಜಿಗೆ ಕಲಸಬೇಡಿ. ವಾಂತಿ ಬರುವವರು ಡಾಕ್ಟರನ್ನು ಕೇಳಿ ಮಾತ್ರೆ ತಂದರೆ ಅದನ್ನು ಹೊರಡುವ ಮುಂಚೆಯೇ ನುಂಗಬೇಕು, ರಿಕಾಯಿಲ್‌ನಲ್ಲಿ ಹಿಂದುಮುಂದಾಗಿ ತಿರುಗಿ ಇಳಿದ ಮೇಲಲ್ಲ. ಹೃದಯದ ತೊಂದರೆ, ಮೂರ್ಛೆ ರೋಗ ಇರುವವರಿಗೆ ಜೋರಾದ ರೈಡುಗಳು ಬೇಡ. ಅದನ್ನು ಮುಚ್ಚಿಡದೆ ನಮ್ಮಲ್ಲಿ ಒಬ್ಬರಿಗಾದರೂ ಹೇಳಿ.

ಊಟ? ಮೊಸರನ್ನ, ಚಿತ್ರಾನ್ನ, ಪುಳಿಯೋಗರೆ ಎಲ್ಲ ಬಸ್ಸಿನಲ್ಲೇ ಇರಲಿ. ಬೆಳಿಗ್ಗೆ ಗೇಟಿನ ಹೊರಗೆ ಹೊಟ್ಟೆತುಂಬ ತಿಂದು ಒಳಗೆ ಹೋಗುವುದು, ಮಧ್ಯಾಹ್ನಕ್ಕೆ ಒಳಗೆ ಒಂದು ಊಟ. ಆ ಊಟದ ಹಣವನ್ನು ನಾವು ಮೊದಲೇ ಎಲ್ಲರಿಂದ ಕೂಡಿಸಿ ಒಟ್ಟಿಗೆ ಕೊಡುತ್ತೇವೆ, ಒಬ್ಬರ ತಟ್ಟೆ ಇನ್ನೊಬ್ಬರು ನೋಡುವುದು ಬೇಡವೆಂದು.

ಕುತ್ತಿಗೆಯ ಜಪಸರ, ಸ್ಕ್ಯಾಪುಲರ್, ಶಿಲುಬೆಯ ಸರ ಇವೆಲ್ಲ ರೈಡಿನಲ್ಲಿ ತೆಗೆಯಬೇಕಾಗುತ್ತದೆ. ವೇಗದಲ್ಲಿ ಸಿಕ್ಕಿಕೊಂಡರೆ ಕತ್ತು ಕುಯ್ಯಬಹುದು. ಬೆಳ್ಳಿಗೆ ಕೊಳದ ಕ್ಲೋರಿನ್ ತಾಗಿದರೆ ಕಪ್ಪಾಗುತ್ತದೆ, ಉಣ್ಣೆಯ ಸ್ಕ್ಯಾಪುಲರ್ ನೀರು ಕುಡಿದು ಹಾಳಾಗುತ್ತದೆ. ಕೆಲವು ಅಜ್ಜಿಯರಿಗೆ ಮಗು ಅದನ್ನು ತೆಗೆಯುವುದು ಇಷ್ಟವಿಲ್ಲ. ಅವರಿಗಾಗಿ ಬಳಗದ ಬ್ಯಾಗಿನಲ್ಲಿ ಒಂದು ಝಿಪ್ ಇರುವ ಬಟ್ಟೆಯ ಪರ್ಸು ಇಟ್ಟಿದ್ದೇವೆ. ಎಲ್ಲರ ಸರಗಳೂ ಹೆಸರಿನ ಚೀಟಿಯೊಂದಿಗೆ ಅದರಲ್ಲಿರುತ್ತವೆ. ಅಜ್ಜಿಗೆ ಮನೆಯಲ್ಲೇ ಆ ಪರ್ಸು ತೋರಿಸಿ ಬರುತ್ತೇವೆ, ಒಪ್ಪುತ್ತಾರೆ.

ಇನ್ನೊಂದು ವಿಷಯ ಗಡಿಯವರಾದ ನಮಗೇ ವಿಶೇಷ. ನಮ್ಮ ಮಕ್ಕಳಲ್ಲಿ ಹಲವರು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಶಾಲೆಯಲ್ಲಿ ಓದುವುದು ತಮಿಳು. ಬಿಡದಿಯಲ್ಲಿ ಫಲಕಗಳು ಕನ್ನಡ, ಇಂಗ್ಲಿಷಿನಲ್ಲಿವೆ. "ಇಷ್ಟು ಎತ್ತರ ಇಲ್ಲದವರು ಹತ್ತಬಾರದು" ಎಂಬ ಫಲಕವನ್ನು ಒಂಬತ್ತು ವರ್ಷದ ನಮ್ಮ ಹುಡುಗ ಓದಲಾರ. ಬಾಯಲ್ಲಿ ಹೇಳಿದರೆ ಮಾತ್ರ ಪೂರ್ತಿ ಅರ್ಥವಾಗುತ್ತದೆ. ಅದಕ್ಕೆ ಪ್ರತಿ ತಂಡದಲ್ಲೂ ಕನ್ನಡ ಓದಬಲ್ಲ ಒಬ್ಬರು. ಪ್ರತಿ ಚಿಕ್ಕ ಮಗುವಿನ ಕೈಗೆ ಒಂದು ಪಟ್ಟಿ, ಅದರ ಮೇಲೆ ನಮ್ಮ ಇಬ್ಬರ ಫೋನ್ ನಂಬರು ಮಾತ್ರ, ಬಾಲ್‌ಪೆನ್ನಿನಲ್ಲಲ್ಲ, ಅಳಿಸದ ಮಾರ್ಕರ್‌ನಲ್ಲಿ. ಆ ಎರಡು ಫೋನ್ ಲಾಕರಿನಲ್ಲಿ ಇಡುವಂತಿಲ್ಲ. ಇಟ್ಟರೆ ಪಟ್ಟಿ ಕಟ್ಟಿ ಏನು ಉಪಯೋಗ? ನೀರು ಹೋಗದ ಕವರಿನಲ್ಲಿ ಹಾಕಿ ಕತ್ತಿಗೆ ನೇತುಹಾಕಿಕೊಂಡು ದಂಡೆಯಲ್ಲಿರುವವರು ಇಟ್ಟುಕೊಳ್ಳುತ್ತಾರೆ, ಅರ್ಧ ಗಂಟೆಗೊಮ್ಮೆ ಆಳು ಬದಲಾಗುತ್ತಾರೆ. ಬಳಗದ ಬ್ಯಾಗೂ ಅವರ ಬಳಿಯೇ.

ಮರಳಿ ಬಂದ ಮೇಲೆ ಬಟ್ಟೆಗಳ ಕೆಲಸ ಇನ್ನೂ ಇರುತ್ತದೆ. ಕ್ಲೋರಿನ್ ನೀರು ಹಾಗೆಯೇ ಬಿಟ್ಟರೆ ಲೈಕ್ರಾ ಬೇಗ ಸಡಿಲವಾಗುತ್ತದೆ, ಬಣ್ಣ ಹೋಗುತ್ತದೆ. ಅದೇ ರಾತ್ರಿ ತಣ್ಣೀರಿನಲ್ಲಿ ಜಾಲಾಡಿ, ಹಿಂಡದೆ, ನೆರಳಲ್ಲಿ ಒಣಗಿಸಬೇಕು. ಮೂರು ಮನೆಯವರು ಹಂಚಿಕೊಂಡು ಒಗೆಯುತ್ತಾರೆ, ಮುಂದಿನ ಭಾನುವಾರ ಮಡಚಿ ಪೆಟ್ಟಿಗೆಗೆ. ಈಗ ಪೆಟ್ಟಿಗೆಯಲ್ಲಿ 26 ಮೇಲಂಗಿ, 19 ಚಡ್ಡಿ ಇವೆ. ದೊಡ್ಡ ಹುಡುಗರ ಅಳತೆಯದು ಸಾಕಷ್ಟಿದೆ. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳಿಗೆ ಹಿಡಿಸುವ ನೈಲಾನ್ ಪ್ಯಾಂಟು ನಾಲ್ಕೇ ನಾಲ್ಕು. ನಿಮ್ಮ ಮನೆಯಲ್ಲಿ ಚಿಕ್ಕದಾದದ್ದು ಇದ್ದರೆ, ಎಲಾಸ್ಟಿಕ್ ಸಡಿಲವಾಗಿದ್ದರೂ ಪರವಾಗಿಲ್ಲ, ಭಾನುವಾರ ಎರಡನೇ ಪೂಜೆ ಮುಗಿದ ಮೇಲೆ ತಂದುಕೊಡಿ. ಎಲಾಸ್ಟಿಕ್ ನಾವು ಹಾಕಿಸಿಕೊಳ್ಳುತ್ತೇವೆ.