ನಾಲ್ಕು ಸಲ ಹೊಳೆ ದಾಟಿದ್ದು

ನಮ್ಮ ಪಂಚನಹಳ್ಳಿಯ ಕಡೆಯವರಿಗೆ ನೀರೆಂದರೆ ಬಾವಿಯ ತಳ, ಕೊಳವೆಬಾವಿಯ ಅಡಿಗಳ ಲೆಕ್ಕ, ತೆಂಗಿನ ಬುಡದ ಪಾತಿ, ಇಷ್ಟೆ. ಕಡೂರು ತಾಲ್ಲೂಕಿನವರೇ ಆದರೂ ಮದಗದ ಕೆರೆ, ಅಯ್ಯನಕೆರೆಗಳ ತುಂಬು ನೀರನ್ನು ನೆಂಟರ ಮನೆಯ ಸಿರಿಯಂತೆ ದೂರದಿಂದ ಕೇಳುತ್ತ ಬೆಳೆದವರು ನಾವು.

1965ರಲ್ಲಿ, ನನಗೆ ಹನ್ನೆರಡು ವರ್ಷವಿದ್ದಾಗ, ಶಾಲೆಯಿಂದ ಜೋಗಕ್ಕೆ ಪ್ರವಾಸ ಹೋಗಿದ್ದೆವು. ಲಿಂಗನಮಕ್ಕಿ ಅಣೆಕಟ್ಟು ಮುಗಿದು ಆಗಿನ್ನೂ ವರ್ಷವಾಗಿತ್ತಷ್ಟೆ. ಮರಳಿ ಬಂದು ಅಕ್ಕನ ಎದುರು ಕುಳಿತು, ಆಚೆ ದಡವೇ ಕಾಣದಂಥ ನೀರಿನ ವರ್ಣನೆ ಮಾಡಿದೆ. ಮೂರನೆಯ ವಯಸ್ಸಿನಲ್ಲಿ ಪೋಲಿಯೋ ತಗುಲಿ ಎರಡೂ ಕಾಲುಗಳ ಶಕ್ತಿ ಕಳೆದುಕೊಂಡಿದ್ದ ಅಕ್ಕ, ಹೊಲಿಯುತ್ತಿದ್ದ ಕುಪ್ಪಸದಿಂದ ತಲೆಯೆತ್ತಿ, "ದೋಣಿ ಹತ್ತಿದೆಯಾ?" ಎಂದು ಕೇಳಿದಳು. ಇಲ್ಲವೆಂದೆ. "ದೊಡ್ಡವನಾದ ಮೇಲೆ ನಿನ್ನನ್ನೂ ಕರೆದುಕೊಂಡು ಹೋಗಿ ಹತ್ತುತ್ತೇನೆ" ಎಂದು ಮಾತು ಕೊಟ್ಟೆ.

ಮುಂದೆ ನನ್ನ ಶಿಕ್ಷಕ ತರಬೇತಿಯ ಶುಲ್ಕ ಕಟ್ಟಿದ್ದು ಆ ಕೈಹೊಲಿಗೆಯ ಹಣವೇ. ನಾನು ದೊಡ್ಡವನಾದೆ, ಮೇಷ್ಟರಾದೆ, ಎಷ್ಟೋ ತಂಡದ ಮಕ್ಕಳನ್ನು ಅದೇ ಜೋಗಕ್ಕೆ ಕರೆದೊಯ್ದೆ, ನಿವೃತ್ತನೂ ಆದೆ. ಅಕ್ಕ ಒಮ್ಮೆಯೂ ನೆನಪಿಸಲಿಲ್ಲ. ನೆನಪಿಸಿದವನು ಅಮೆರಿಕದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ. ಗಾಲಿಕುರ್ಚಿಯಲ್ಲಿರುವ ತನ್ನ ತಾಯಿಯನ್ನು ಅಲಾಸ್ಕಾದ ವಿಹಾರ ಹಡಗಿನಲ್ಲಿ ಸುತ್ತಾಡಿಸಿದ ಸಂಗತಿಯನ್ನು ದೀರ್ಘವಾಗಿ ಬರೆದಿದ್ದ. ಅಗಲ ಬಾಗಿಲಿನ ಕೋಣೆ, ಹೊಸ್ತಿಲಿಲ್ಲದ ಸ್ನಾನದ ಮನೆ, ಅಂತಸ್ತಿನಿಂದ ಅಂತಸ್ತಿಗೆ ಲಿಫ್ಟು. ಆದರೆ ಹಡಗು ಕಟ್ಟೆಗೆ ತಾಗದೆ ದೂರದಲ್ಲೇ ಲಂಗರು ಹಾಕುವ ಊರುಗಳಲ್ಲಿ ಚಿಕ್ಕ ದೋಣಿಗೆ ಇಳಿಯಬೇಕಂತೆ. ಅಲ್ಲಿ ಕುರ್ಚಿಯವರು ಇಳಿಯಬಹುದೋ ಇಲ್ಲವೋ ಎಂಬುದನ್ನು ಅಲೆಯೇ ತೀರ್ಮಾನಿಸುತ್ತದಂತೆ. ಪತ್ರ ಓದಿ ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ.

2018ರ ಡಿಸೆಂಬರಿನಲ್ಲಿ ಹೊರಟೆವು. ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ ದಾಟಿ ಸಾಗರದಲ್ಲಿ ರಾತ್ರಿ ತಂಗಿದೆವು. ಕೆಳಅಂತಸ್ತಿನ ಕೋಣೆಯನ್ನೇನೋ ಕೇಳಿ ಪಡೆದಿದ್ದೆ. ಶೌಚದ ಬಾಗಿಲಿನ ಅಗಲ ಕೇಳಿರಲಿಲ್ಲ. ಕುರ್ಚಿ ಇಪ್ಪತ್ತಾರು ಅಂಗುಲ, ಬಾಗಿಲು ಇಪ್ಪತ್ತನಾಲ್ಕು. ಜೀವಮಾನವಿಡೀ ಗಣಿತ ಕಲಿಸಿದವನಿಗೆ ಈ ಎರಡು ಅಂಗುಲದ ಲೆಕ್ಕ ಹೊಳೆದಿರಲಿಲ್ಲ!

ಆ ದಿನಗಳಲ್ಲಿ ಹೊಳೆಬಾಗಿಲಿನಿಂದ ಆಚೆಯ ಕಳಸವಳ್ಳಿಗೆ ಒಳನಾಡು ಜಲಸಾರಿಗೆ ಇಲಾಖೆಯ ಲಾಂಚ್ ಓಡಾಡುತ್ತಿತ್ತು. ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಹೋದವರಿಗೆಲ್ಲ ಅದರ ಪರಿಚಯವಿರುತ್ತದೆ. ಚಪ್ಪಟೆಯಾದ ಉಕ್ಕಿನ ಅಟ್ಟ, ದಡಕ್ಕೆ ಬಾಗಿ ಇಳಿಯುವ ಹಲಗೆ. ಬಸ್ಸು, ಜೀಪುಗಳೂ ಜನರೊಂದಿಗೆ ಏರುತ್ತಿದ್ದವು. ಕಾರನ್ನೇ ಲಾಂಚಿಗೆ ಹತ್ತಿಸಿ ಅಕ್ಕನನ್ನು ಅದರೊಳಗೇ ಕೂರಿಸುವುದೆಂದು ನಾನು ಯೋಚಿಸಿದ್ದೆ. ಅವಳು ಒಪ್ಪಲಿಲ್ಲ. "ಕಿಟಕಿಯಿಂದ ನೋಡುವುದಾದರೆ ಮನೆಯಲ್ಲೇ ಒಂದಿದೆಯಲ್ಲ" ಎಂದಳು. ಹಾಗಾದರೆ ಡ್ರೈವರೂ ನಾನೂ ಎತ್ತಿಕೊಳ್ಳುತ್ತೇವೆಂದು ಅವಳ ಕಂಕುಳಿಗೆ ಕೈಹಾಕಿದೆ. ಅಷ್ಟು ಜನರ ನಡುವೆ ಅವಳ ದನಿ ಗಟ್ಟಿಯಾಗಿಯೇ ಕೇಳಿತು: "ಅರವತ್ತು ವರ್ಷ ಎಲ್ಲರೂ ಕೇಳದೆ ಎತ್ತಿದ್ದಾರೆ. ನೀನಾದರೂ ಕೇಳು." ನನ್ನ ಮುಖ ಕಪ್ಪಿಟ್ಟಿತು.

ಲಾಂಚಿನ ಸಿಬ್ಬಂದಿಯೊಬ್ಬರು ನೋಡುತ್ತಿದ್ದರು. ವಾಹನಗಳನ್ನು ತಡೆದು, ಮೊದಲು ಇವರು ಹತ್ತಲಿ ಎಂದರು. ಹಲಗೆ ನೆಲಕ್ಕೆ ತಾಗುವಲ್ಲಿ ಒಂದು ಅಂಚಿರುತ್ತದೆ. ಮುಂದಿನ ಸಣ್ಣ ಗಾಲಿಗಳು ಅಲ್ಲಿ ಸಿಕ್ಕಿಕೊಂಡವು. ಅಕ್ಕನೇ ಉಪಾಯ ಹೇಳಿದಳು: ಕುರ್ಚಿಯನ್ನು ತಿರುಗಿಸಿ ದೊಡ್ಡ ಗಾಲಿಗಳನ್ನು ಮೊದಲು ಏರಿಸಿ, ಹಿಮ್ಮುಖವಾಗಿ ಎಳೆಯಿರಿ ಎಂದು. ಹಾಗೆಯೇ ಸಲೀಸಾಗಿ ಏರಿತು. ಕಟಾಂಜನದ ಬಳಿ ಅಡ್ಡಲಾಗಿ ನಿಲ್ಲಿಸಿ, ಎರಡೂ ಬ್ರೇಕು ಬಿಗಿದು, ಗಾಲಿಗೆ ಮರದ ತುಂಡು ಕೊಟ್ಟೆವು.

ಲಾಂಚ್ ಹೊರಟಿತು. ಅಕ್ಕ ಮಾತಾಡಲಿಲ್ಲ. ಮೇಷ್ಟರ ಚಾಳಿ ಬಿಡದ ನಾನು ವಿವರಿಸತೊಡಗಿದೆ: ಈ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ, ಇದರೊಳಗೆ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಮುಳುಗಿದೆ, ಬೇಸಿಗೆಯಲ್ಲಿ ನೀರು ತೀರ ಇಳಿದರೆ ತಲೆದೋರುತ್ತದೆ, ಎಷ್ಟೋ ಊರುಗಳು ಮುಳುಗಿ, ಜನ ಗಂಟುಮೂಟೆ ಕಟ್ಟಿ ಹೋದರು. ಅವಳು ನಿಧಾನವಾಗಿ, "ಕಾಲಿಲ್ಲದವರನ್ನು ಆಗ ಯಾರು ಹೊತ್ತರೋ" ಎಂದಳು. ನನ್ನ ಪಾಠ ಅಲ್ಲಿಗೆ ನಿಂತಿತು.

ನಡುಹೊಳೆಯಲ್ಲಿ ಅವಳ ತುಟಿ ಒಣಗಿದ್ದನ್ನು ಕಂಡು ನೀರಿನ ಬಾಟಲಿ ಕೊಟ್ಟೆ. ಬೇಡವೆಂದಳು. ಒತ್ತಾಯಿಸಿದಾಗ ತಿಳಿಯಿತು: ಹಿಂದಿನ ಸಂಜೆಯಿಂದ ಒಂದು ಗುಟುಕೂ ಕುಡಿದಿರಲಿಲ್ಲ. ದಾರಿಯಲ್ಲಿ ಎಲ್ಲಿ ಇಳಿಸುತ್ತಾರೆ, ಯಾರು ಎತ್ತುತ್ತಾರೆ ಎಂಬ ಚಿಂತೆ. ಮದುವೆಗೆ, ಆಸ್ಪತ್ರೆಗೆ, ಎಲ್ಲಿಗೆ ಹೊರಟರೂ ಇದೇ ರೂಢಿಯಂತೆ. ಅರವತ್ತೊಂಬತ್ತು ವರ್ಷದ ಅಕ್ಕ ಒಂದೇ ಸೂರಿನಡಿ ಇದ್ದೂ ಇದು ನನ್ನ ಅರಿವಿಗೆ ಬಂದಿರಲಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿತ್ತು, ಅದರ ಕುರಿತು ಶಾಲೆಯೊಂದರಲ್ಲಿ ಭಾಷಣವನ್ನೂ ಬಿಗಿದಿದ್ದೆ. ಸುತ್ತ ಕಣ್ಣು ಹಾಯುವಷ್ಟು ನೀರು, ನಡುವೆ ಬಾಯಾರಿ ಕುಳಿತ ನನ್ನಕ್ಕ.

ಆಚೆ ದಡ ಬಂದಿತು. ಎಲ್ಲರೂ ದೇವಿಯ ದರ್ಶನದ ಆತುರದಲ್ಲಿ ಇಳಿದರು. ಅಕ್ಕ ಇಳಿಯಲೊಲ್ಲಳು. "ದೇವಿಗೆ ಇಲ್ಲಿಂದಲೇ ಕೈಮುಗಿದಿದ್ದೇನೆ. ಇನ್ನೊಂದು ಸಲ ಹೋಗೋಣ." ಇಷ್ಟು ದೂರ ಬಂದು ದರ್ಶನವಿಲ್ಲವೇ ಎಂದು ಮುದುಕಿಯೊಬ್ಬರು ಗಲ್ಲಕ್ಕೆ ಕೈಯಿಟ್ಟುಕೊಂಡರು. ಬಂದ ದಡಕ್ಕೆ ಮರಳಿದೆವು, ಮತ್ತೆ ಹೋದೆವು, ಮತ್ತೆ ಬಂದೆವು. ನಾಲ್ಕನೆಯ ಸಲ ಸಿಬ್ಬಂದಿ ನಕ್ಕು, "ಮೇಷ್ಟ್ರೇ, ಅಕ್ಕನವರಿಗೆ ಪಾಸು ಮಾಡಿಸಿಬಿಡಿ" ಎಂದರು. ಆಮೇಲೆ ಅವರೇ ದಡದ ಒಂದು ಮನೆ ತೋರಿಸಿದರು. ಆ ಮನೆಯ ಹೆಂಗಸು ಬಾಗಿಲು ತೆರೆದು, "ಹೇಗೆ ಹಿಡಿದುಕೊಳ್ಳಲಿ, ಹೇಳಿ" ಎಂದು ಅಕ್ಕನನ್ನೇ ಕೇಳಿದರು. ಹೊರಬಂದ ಮೇಲೆ ಅಕ್ಕ ಒಂದು ತಂಬಿಗೆ ನೀರನ್ನು ಎತ್ತಿ ಪೂರ್ತಿ ಕುಡಿದಳು.

ಊರಿಗೆ ಬಂದು ನಾನು ಮಾಡಿದ ಮೊದಲ ಕೆಲಸ ನಮ್ಮ ಮನೆಯ ಬಚ್ಚಲ ಬಾಗಿಲು ಒಡೆಸಿ ಮೂವತ್ತಾರು ಅಂಗುಲ ಮಾಡಿಸಿದ್ದು.

2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಸುಮಾರು ಎರಡೂವರೆ ಕಿಲೋಮೀಟರು ಉದ್ದ. ಪತ್ರಿಕೆಯ ಸುದ್ದಿಯನ್ನು ಅಕ್ಕನಿಗೆ ಓದಿ ಹೇಳಿದೆ. ಲಾಂಚಿನ ಕಾಲ ಮುಗಿಯಿತಲ್ಲ ಎಂದು ನನಗೆ ಒಳಗೊಳಗೇ ಬೇಸರ. ಅವಳಿಗೆ ಅದಿರಲಿಲ್ಲ. "ಒಳ್ಳೆಯದೇ ಆಯಿತು. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ಆ ದ್ವೀಪದ ಹೆಂಗಸರು ಏನು ಮಾಡುತ್ತಿದ್ದರೋ" ಎಂದಳು. ಕತ್ತರಿ ಕೆಳಗಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

"ಸೇತುವೆಯ ಮಧ್ಯದಲ್ಲಿ ಕುರ್ಚಿ ನಿಲ್ಲಿಸಲು ಬಿಡುತ್ತಾರಂತಾ?"