ಶಿಕಾಗೊದಲ್ಲಿ ಒಂದು ದಿನದ ಕಾಲ್ನಡಿಗೆ

ಕಳೆದ ಆಗಸ್ಟ್ ರಜೆಯಲ್ಲಿ ಊರಿಗೆ ಹೋಗುವ ಬದಲು ಅಮೆರಿಕಕ್ಕೆ ಹೋಗಿ ಬಂದೆವು. ಡೆಟ್ರಾಯಿಟ್ ಹತ್ತಿರ ಮನೆಯಾಕೆಯ ತಮ್ಮ ಇದ್ದಾನೆ. ಹೋದ ಎರಡನೇ ರಾತ್ರಿಯೇ ಊಟಕ್ಕೆ ಕೂತಾಗ ಕೇಳಿದ: "ಭಾವ, ಇನ್ನೆಷ್ಟು ವರ್ಷ ಆ ಬಿಸಿಲಲ್ಲಿ ಇರ್ತೀರಿ? ಇಲ್ಲೂ ಆಸ್ಪತ್ರೆಗಳಿವೆ. ಬಂದುಬಿಡಿ."

ನಾವು ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು "ನೋಡೋಣ" ಎಂದೆವು. ಉತ್ತರ ನಮಗೆ ಗೊತ್ತಿತ್ತು. ಹೊರದೇಶದಲ್ಲಿ ಫಾರ್ಮಸಿ ಕಲಿತವರು ಅಮೆರಿಕದ ಅರ್ಹತಾ ಪರೀಕ್ಷೆಗೆ ಕೂರಬೇಕಾದರೆ, 2003ರ ನಂತರ ಓದು ಮುಗಿಸಿದವರಿಗೆ ಐದು ವರ್ಷದ ಓದು ಬೇಕು, ಮೊದಲಿನವರಿಗೆ ನಾಲ್ಕು. ನಮ್ಮದು ಎರಡು ವರ್ಷದ ಡಿಪ್ಲೊಮಾ. ಅದನ್ನೇ ನಂಬಿ ಗಲ್ಫಿಗೆ ಬಂದು ಹದಿನೆಂಟು ವರ್ಷ ಅನ್ನ ಉಂಡಿದ್ದೇವೆ. ಆದರೂ ಅಲ್ಲಿ ಆ ಮಾತು ಬಾಯಿಗೆ ಬರಲಿಲ್ಲ.

ಎರಡು ದಿನ ಬಿಟ್ಟು ಬೆಳಗ್ಗೆ ಬೇಗ ಡಿಯರ್‌ಬಾರ್ನ್‌ನಲ್ಲಿ ರೈಲು ಹತ್ತಿದೆವು. ನಾವಿಬ್ಬರು, ಒಂಬತ್ತನೇ ಕ್ಲಾಸಿನ ಮಗಳು, ಚೀಲದಲ್ಲಿ ಚಿತ್ರಾನ್ನದ ಡಬ್ಬಿ. ಡೆಟ್ರಾಯಿಟ್‌ಗಿಂತ ಶಿಕಾಗೊದ ಗಡಿಯಾರ ಒಂದು ಗಂಟೆ ಹಿಂದೆ. ಹೀಗಾಗಿ ಒಂದು ಗಂಟೆ ಪುಕ್ಕಟೆ ಸಿಕ್ಕಿತು. ಸಂಜೆಯ ಗಾಡಿಯಲ್ಲಿ ವಾಪಸು. ಟ್ಯಾಕ್ಸಿ ಬೇಡ, ನಡೆದೇ ನೋಡೋಣ ಎಂದುಕೊಂಡೆವು. ಆಗಸ್ಟ್ ತಿಂಗಳ ಮಧ್ಯಾಹ್ನ ಬೀದಿಯಲ್ಲಿ ನಡೆಯಬಹುದು ಎಂಬುದೇ ನಮಗೆ ಮರೆತುಹೋಗಿತ್ತು!

ಯೂನಿಯನ್ ಸ್ಟೇಷನ್‌ನಿಂದ ಹೊರಬಂದು ಸೇತುವೆ ದಾಟಿದರೆ ವಿಲ್ಲಿಸ್ ಟವರ್. ಹಿಂದೆ ಸಿಯರ್ಸ್ ಟವರ್ ಎನ್ನುತ್ತಿದ್ದರು. 110 ಮಹಡಿ, 442 ಮೀಟರ್. ಎರಡು ದಶಕಕ್ಕೂ ಹೆಚ್ಚು ಕಾಲ ಜಗತ್ತಿನಲ್ಲೇ ಎತ್ತರದ ಕಟ್ಟಡ. ಅದನ್ನು ನಿಲ್ಲಿಸಿದ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್, 1929ರಲ್ಲಿ ಢಾಕಾದಲ್ಲಿ ಹುಟ್ಟಿದವರು. ಒಂಬತ್ತು ಚೌಕ ಕೊಳವೆಗಳನ್ನು ಸೌದೆ ಹೊರೆಯಂತೆ ಒಟ್ಟಿಗೆ ಕಟ್ಟಿದ ಹಾಗೆ ಅದರ ರಚನೆ. ಬಿಡಿ ಕಡ್ಡಿ ಗಾಳಿಗೆ ಬಾಗುತ್ತದೆ, ಹೊರೆ ನಿಲ್ಲುತ್ತದೆ. ಒಂದೊಂದು ಕೊಳವೆ ಒಂದೊಂದು ಎತ್ತರದಲ್ಲಿ ನಿಂತು, ತುದಿಯವರೆಗೆ ಹೋಗುವುದು ಎರಡೇ. ಪಕ್ಕದ ಬೀದಿಮೂಲೆಗೆ ಅವರ ಹೆಸರಿಟ್ಟಿದ್ದಾರೆ.

ಜೆಡ್ಡಾದ ಗೆಳೆಯರು ವಿಮಾನ ನಿಲ್ದಾಣದ ಹಜ್ ಟರ್ಮಿನಲ್‌ನ ಬಿಳಿ ಡೇರೆಗಳನ್ನು ನೋಡಿರುತ್ತೀರಿ. ಅದೂ ಇವರ ಕೆಲಸವೇ. 1982ರಲ್ಲಿ ಅದೇ ಜೆಡ್ಡಾದಲ್ಲಿ ಇವರು ಹೃದಯಾಘಾತದಿಂದ ತೀರಿಕೊಂಡರು, 52 ವರ್ಷಕ್ಕೆ. ದೇಹವನ್ನು ಶಿಕಾಗೊಗೆ ತಂದು ಮಣ್ಣು ಮಾಡಿದರು. ಕೆಲಸಕ್ಕೆಂದು ಬಂದವರ ಶವ ಊರಿಗೆ ಕಳಿಸುವ ಕಾಗದಪತ್ರ ಆಸ್ಪತ್ರೆಯಲ್ಲಿ ಎಷ್ಟೋ ಸಲ ಕಂಡವರು ನಾವು. ಎತ್ತರ ನೋಡಲು ತಲೆ ಎತ್ತಿದವರು ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು. ನಮ್ಮ ಬುರ್ಜ್ ಖಲೀಫಾದ 828 ಮೀಟರನ್ನು ವಿನ್ಯಾಸ ಮಾಡಿದ್ದೂ ಅವರು ದುಡಿದ ಶಿಕಾಗೊ ಕಂಪನಿಯೇ ಎಂದಾಗ ಮಗಳು ಕಣ್ಣರಳಿಸಿದಳು.

ಆಡಮ್ಸ್ ಬೀದಿ ಹಿಡಿದು ಪೂರ್ವಕ್ಕೆ ಒಂದು ಕಿಲೋಮೀಟರ್ ನಡೆದರೆ ಎರಡು ಕಂಚಿನ ಸಿಂಹಗಳು, ಹಿಂದೆ ಆರ್ಟ್ ಇನ್‌ಸ್ಟಿಟ್ಯೂಟ್. 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಮಾತಾಡಿದ್ದು ಈ ಕಟ್ಟಡದಲ್ಲೇ. ಭಾಷಣ ನಮಗೆಲ್ಲ ಶಾಲೆಯಲ್ಲೇ ಗೊತ್ತು. ಅದಕ್ಕೆ ಮೊದಲಿನ ಕಥೆ ಮಗಳಿಗೆ ಹೇಳಿದೆವು. ಹಿಂದಿನ ವರ್ಷ ಮೈಸೂರಿನಲ್ಲಿ ಮಹಾರಾಜರ ಅತಿಥಿಯಾಗಿದ್ದವರು, ಜುಲೈ ಕೊನೆಗೆ ಇಲ್ಲಿಗೆ ಬಂದಿಳಿದರೆ ಸಮ್ಮೇಳನ ಸೆಪ್ಟೆಂಬರಿಗೆ. ಪರಿಚಯಪತ್ರ ಇಲ್ಲದವರಿಗೆ ಪ್ರವೇಶವೂ ಇಲ್ಲ. ಕೈಯಲ್ಲಿನ ಕಾಸು ಕರಗುತ್ತಿತ್ತು. ಖರ್ಚು ಕಡಿಮೆ ಎಂದು ಬಾಸ್ಟನ್ ಕಡೆ ಹೋದರು. ಅಲ್ಲಿ ಹಾರ್ವರ್ಡ್‌ನ ಪ್ರೊಫೆಸರ್ ರೈಟ್ ಪತ್ರ ಬರೆದುಕೊಟ್ಟರು. ವಾಪಸು ಬರುವಾಗ ವಿಳಾಸದ ಚೀಟಿ ಕಳೆದುಹೋಗಿ, ರಾತ್ರಿ ರೈಲು ನಿಲ್ದಾಣದ ಖಾಲಿ ಡಬ್ಬಿಯಲ್ಲಿ ಮಲಗಿದರಂತೆ.

"ಅವರಿಗೂ ಸರ್ಟಿಫಿಕೇಟ್ ಕೇಳಿದ್ರಾ?" ಎಂದಳು ಮಗಳು. ಆಮೇಲೆ ಮೆಲ್ಲಗೆ, "ಅಪ್ಪ, ಮಾಮನಿಗೆ ಯಾಕೆ ಹೇಳಲಿಲ್ಲ?" ಮಕ್ಕಳು ಎಲ್ಲ ಕೇಳಿಸಿಕೊಂಡಿರುತ್ತಾರೆ. "ಹೇಳ್ತೇವೆ" ಎಂದೆವು.

ಪಕ್ಕದ ಮಿಲೇನಿಯಂ ಪಾರ್ಕಿನಲ್ಲಿ ಚಿತ್ರಾನ್ನ ಖಾಲಿಯಾಯಿತು. ಅಲ್ಲಿ ಮುಂಬಯಿಯಲ್ಲಿ ಹುಟ್ಟಿದ ಅನೀಶ್ ಕಪೂರ್ ಮಾಡಿದ ಉಕ್ಕಿನ ದೊಡ್ಡ ಶಿಲ್ಪವಿದೆ, ಹುರುಳಿಕಾಳಿನ ಆಕಾರ, ಕನ್ನಡಿಯಂಥ ಮೈ. ನಮ್ಮ ಮೂವರ ಮುಖವೂ ಹಿಂದಿನ ಕಟ್ಟಡಗಳೂ ಒಟ್ಟಿಗೆ ಸೊಟ್ಟಗೆ ಕಂಡವು. ಎಲ್ಲರೂ ನಗುತ್ತಾ ಫೋಟೋ ತೆಗೆಯುತ್ತಿದ್ದರು, ನಾವೂ ತೆಗೆದೆವು.

ಉತ್ತರಕ್ಕೆ ಸ್ವಲ್ಪ ನಡೆದು ನದಿಯ ಸೇತುವೆ ಮೇಲೆ ನಿಂತೆವು. ಈ ನದಿ ಮೊದಲು ಊರಿನ ಕೊಳಕನ್ನೆಲ್ಲ ಸರೋವರಕ್ಕೆ ಒಯ್ಯುತ್ತಿತ್ತು. ಕುಡಿಯುವ ನೀರೂ ಅದೇ ಸರೋವರದ್ದು, ಟೈಫಾಯ್ಡ್‌ನಿಂದ ಜನ ಸಾಯುತ್ತಿದ್ದರು. ಕಾಲುವೆ ತೋಡಿ 1900ರಲ್ಲಿ ನದಿಯನ್ನೇ ಹಿಂದಕ್ಕೆ ಹರಿಸಿದರು. ಔಷಧಿ ಕೊಡುವವರಿಗೆ ಇದು ದೊಡ್ಡ ಪಾಠ. ನಮ್ಮ ಕೌಂಟರಿನಿಂದ ಹೋಗುವ ಎಷ್ಟು ಮಾತ್ರೆಗಳ ಕೆಲಸವನ್ನು ಒಂದು ಕಾಲುವೆ ಮಾಡಿರಬೇಕು!

ಅಷ್ಟರಲ್ಲಿ ಮನೆಯಾಕೆಯ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಹೊಸ ಚಪ್ಪಲಿ ಹಾಕಿದ ತಪ್ಪು. ಔಷಧಿ ಅಂಗಡಿಗೆ ಹೋಗಿ ಪಟ್ಟಿ ಕೊಂಡೆವು. ಒಳಗೆ ಬಿಳಿ ಕೋಟಿನ ಹುಡುಗಿ ಒಬ್ಬ ಅಜ್ಜನಿಗೆ ಮಾತ್ರೆ ಯಾವಾಗ ತೆಗೆದುಕೊಳ್ಳಬೇಕೆಂದು ಎರಡು ಸಲ, ಮೂರು ಸಲ ಬಿಡಿಸಿ ಹೇಳುತ್ತಿದ್ದಳು. ಅಜ್ಜ ತಲೆಯಾಡಿಸುತ್ತಿದ್ದ. ನಾವು ದಿನಾ ಮಾಡುವುದೂ ಅದನ್ನೇ, ಹಿಂದಿ, ಮಲಯಾಳಂ, ಅರಬ್ಬಿ ಬೆರೆಸಿ. ಅದನ್ನು ನೋಡಿದ ಮೇಲೆ ಮನಸ್ಸಿಗೆ ಸ್ವಲ್ಪ ಹಗುರವಾಯಿತು.

ನಡುರಾತ್ರಿಯ ಹೊತ್ತಿಗೆ ಡಿಯರ್‌ಬಾರ್ನ್‌ನಲ್ಲಿ ಇಳಿದೆವು. ಭಾವಮೈದ ಕಾರು ತಂದಿದ್ದ. ದಾರಿಯಲ್ಲಿ ಹೇಳಿಬಿಟ್ಟೆವು: "ನಮ್ಮ ಡಿಪ್ಲೊಮಾ ಇಲ್ಲಿ ನಡೆಯೋದಿಲ್ಲ ಮಾರಾಯ." ಅವನು ತುಸು ಹೊತ್ತು ಸುಮ್ಮನಿದ್ದ. "ಮೊದಲೇ ಹೇಳಬಾರದಾ ಭಾವ? ನಾನು ಸುಮ್ಮನೆ ಒತ್ತಾಯ ಮಾಡ್ತಿದ್ದೆ" ಎಂದ. ಅಷ್ಟೇ. ಇಷ್ಟಕ್ಕೆ ಮೂರು ದಿನ ಗಂಟಲಲ್ಲಿ ಮುಳ್ಳು ಇಟ್ಟುಕೊಂಡಿದ್ದೆವು.

ಮರಳಿ ಕೆಲಸಕ್ಕೆ ಬಂದ ದಿನ, ನಮ್ಮ ಫಾರ್ಮಸಿಯ ನೆಲ ಒರೆಸುವ ಢಾಕಾ ಕಡೆಯ ಹುಡುಗನಿಗೆ ಟವರ್ ಫೋಟೋ ತೋರಿಸಿ, ಕಟ್ಟಿದವರು ನಿಮ್ಮೂರಿನವರು ಎಂದೆವು. ಅವನು ಒರೆಸುವ ಕೋಲು ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು ಫೋನ್ ಹಿಡಿದ. "ಎಷ್ಟು ಮಹಡಿ?"

"110."

"ನನಗೂ ಕಳಿಸಿ ಸಾರ್. ಮನೆಗೆ ಕಳಿಸ್ತೀನಿ" ಎಂದ. ಕಳಿಸಿದೆವು.