ಕೆಟ್ಟ ಕಂಟ್ರೋಲರ್ ಕೊಡುವ ಸುಖ

ಕಂಪ್ಯೂಟರಿನಲ್ಲಿ ಆಡುವಾಗ ಸ್ಟಿಕ್ಕನ್ನು ಮುಟ್ಟದಿದ್ದರೂ ಪಾತ್ರ ತಾನಾಗಿ ಎಡಕ್ಕೆ ನಡೆಯತೊಡಗಿದರೆ, ಹೆಚ್ಚಿನವರಿಗೆ ಆಟ ಅಲ್ಲಿಗೆ ಮುಗಿಯುತ್ತದೆ. ನನಗೆ ಅಲ್ಲಿಂದ ಇನ್ನೊಂದು ಆಟ ಶುರುವಾಗುತ್ತದೆ. ಕೆಟ್ಟ ಗೇಮ್ ಕಂಟ್ರೋಲರಿನ ದೋಷ ಹುಡುಕುವುದು ಆಡುವುದಕ್ಕೆ ಸರಿಸಮನಾದ ಹವ್ಯಾಸ ಎಂಬುದು ನನ್ನ ವಾದ. ಊಹೆಯನ್ನು ಪುರಾವೆಗೆ ಒಡ್ಡಿ ನೋಡುವ ಕಲೆಗೆ ಇಷ್ಟು ಚಿಕ್ಕದಾದ, ಇಷ್ಟು ಪೂರ್ಣವಾದ ಕಣ ಸಿಗುವುದು ಕಷ್ಟ. ಹೆಬ್ಬೆರಳಿನಿಂದ ಪರದೆಯವರೆಗೆ ಇರುವುದು ಕೆಲವೇ ಹಂತಗಳು: ಸ್ಟಿಕ್, ಅದರಡಿಯ ಸೆನ್ಸರ್, ಚಿಪ್, ಕೇಬಲ್ ಅಥವಾ ಬ್ಲೂಟೂತ್, ಡ್ರೈವರ್, ಕೊನೆಗೆ ಆಟ. ದೋಷ ಇವುಗಳಲ್ಲೇ ಎಲ್ಲೋ ಅಡಗಿರಬೇಕು.

ನಲ್ಲಿಯಲ್ಲಿ ನೀರು ಬಾರದಾಗ ಮೊದಲು ಮಾಳಿಗೆಯ ಟ್ಯಾಂಕು ನೋಡುವ ಹಾಗೆ, ಇಲ್ಲಿಯೂ ಪರೀಕ್ಷೆ ನಡುಮಧ್ಯದಿಂದ ಆರಂಭವಾಗಬೇಕು. ವಿಂಡೋಸ್‌ನಲ್ಲಿ ಗೇಮ್ ಕಂಟ್ರೋಲರುಗಳ ಪ್ರಾಪರ್ಟೀಸ್ ತೆರೆದರೆ ಪುಟ್ಟ ಚೌಕದೊಳಗೆ ಒಂದು ಗುರುತು ಕಾಣುತ್ತದೆ. ಕೈಬಿಟ್ಟ ಸ್ಟಿಕ್ಕಿನ ಗುರುತು ನಡುವೆ ನಿಂತರೆ ಸಂಶಯ ಆಟದ ಸೆಟ್ಟಿಂಗಿನ ಕಡೆ ತಿರುಗುತ್ತದೆ. ಪಕ್ಕಕ್ಕೆ ಸರಿದಿದ್ದರೆ ಕಂಟ್ರೋಲರಿನ ಕಡೆ. ಒಂದೇ ನೋಟಕ್ಕೆ ಅರ್ಧ ಸಂಶಯ ಹೋಯಿತು. ಒಂದು ಸಲ ಒತ್ತಿದ ಗುಂಡಿ ಎರಡು ಸಲ ಒತ್ತಿದಂತಾದರೆ, ಸ್ಟೀಮ್ ತಂತ್ರಾಂಶದ ಸ್ಟೀಮ್ ಇನ್‌ಪುಟ್ ಸೌಲಭ್ಯ ಮತ್ತು ಆಟ ಎರಡೂ ಅದೇ ಕಂಟ್ರೋಲರನ್ನು ಓದುತ್ತಿರಬಹುದು. ದೀಪ ಉರಿದರೂ ಕಂಪ್ಯೂಟರ್ ಗುರುತಿಸದಿದ್ದರೆ ಕೇಬಲ್ ಬದಲಿಸಿ ನೋಡಬೇಕು. ಚಾರ್ಜಿಂಗಿಗೆಂದೇ ಮಾಡಿದ ಕೇಬಲ್ಲಿನಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ತಂತಿಯಿಲ್ಲದ ಸಂಪರ್ಕ ತಡವರಿಸಿದರೆ ರಿಸೀವರನ್ನು ಯುಎಸ್‌ಬಿ 3.0 ಡ್ರೈವ್‌ಗಳಿಂದ ದೂರವಿಡಬೇಕು, ಅವುಗಳ ಗದ್ದಲ 2.4 ಗಿಗಾಹರ್ಟ್ಸ್ ಅಲೆಗಳಿಗೆ ಅಡ್ಡಿ ಮಾಡುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದು ಈ ಆಟದ ನಿಯಮ. ಎರಡನ್ನು ಒಟ್ಟಿಗೆ ಬದಲಿಸಿದರೆ ಕಂಟ್ರೋಲರ್ ಸರಿಹೋಗಬಹುದು, ಕಾರಣ ಮಾತ್ರ ಕೈಗೆ ಸಿಗುವುದಿಲ್ಲ.

ಸ್ಟಿಕ್ ಜಾರುವ ರೋಗಕ್ಕೆ ಇಷ್ಟೆಲ್ಲ ಏಕೆ, ನಡುವಿನ ಸಣ್ಣ ಅಲುಗಾಟವನ್ನು ಲೆಕ್ಕಿಸದೆ ಬಿಡುವ ವಲಯವನ್ನು, ಅಂದರೆ ಡೆಡ್‌ಝೋನನ್ನು, ಹೆಚ್ಚಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಹೆಚ್ಚಿನ ಸ್ಟಿಕ್ಕುಗಳಲ್ಲಿ ಎರಡು ಪೊಟೆನ್ಶಿಯೋಮೀಟರುಗಳಿರುತ್ತವೆ, ಅಡ್ಡ ಚಲನೆಗೊಂದು, ಮೇಲೆ ಕೆಳಗಿನ ಚಲನೆಗೊಂದು. ಲೋಹದ ಎಸಳು ಇಂಗಾಲದ ಪಟ್ಟಿಯ ಮೇಲೆ ಉಜ್ಜುತ್ತಾ ವೋಲ್ಟೇಜ್ ಬದಲಿಸುತ್ತದೆ. ವಿಂಡೋಸ್‌ನ ಎಕ್ಸ್‌ಇನ್‌ಪುಟ್ ವ್ಯವಸ್ಥೆ ಅದನ್ನು −32768ರಿಂದ 32767ರವರೆಗಿನ ಅಂಕಿಯಾಗಿ ಆಟಕ್ಕೆ ಒಪ್ಪಿಸುತ್ತದೆ. ಎಡ ಸ್ಟಿಕ್ಕಿಗೆ ಮೈಕ್ರೋಸಾಫ್ಟ್ ಸೂಚಿಸಿದ ಡೆಡ್‌ಝೋನ್ 7849, ಅಂದರೆ ಸುಮಾರು ಕಾಲುಭಾಗ. ಹೊಸ ಸ್ಟಿಕ್ಕೂ ಸೊನ್ನೆಯಲ್ಲಿ ಕರಾರುವಾಕ್ಕಾಗಿ ನಿಲ್ಲುವುದಿಲ್ಲ ಎಂಬ ಒಪ್ಪಿಗೆ ಆ ಅಂಕಿಯಲ್ಲೇ ಇದೆ. ಹಾಗಾಗಿ ಡೆಡ್‌ಝೋನ್ ತಪ್ಪಲ್ಲ. ಆದರೆ ಅದನ್ನು ಹಿಗ್ಗಿಸಿದಷ್ಟೂ ನವಿರಾದ ಚಲನೆ ಕಳೆದುಹೋಗುತ್ತದೆ, ಪಟ್ಟಿಯ ಸವೆತವಂತೂ ನಿಲ್ಲುವುದಿಲ್ಲ. ಕಾರಣ ಧೂಳಾದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಬಹುದು. ಸವೆತವಾದರೆ ಹಳೆಯದನ್ನು ಬಿಚ್ಚಿ ಹೊಸ ಸ್ಟಿಕ್ ಬೆಸುಗೆ ಹಾಕಬೇಕು. ಯಾವುದೆಂದು ತಿಳಿಯದೆ ಎರಡೂ ಕುರುಡು ಚಿಕಿತ್ಸೆ.

ಹೊಸದನ್ನೇ ಕೊಳ್ಳಬಹುದು, ಸಮಯಕ್ಕೂ ಬೆಲೆಯಿದೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ದುಡಿಮೆಯ ನಡುವೆ ಬಿಡುವಿಲ್ಲದವರಿಗೆ ಅದು ಸರಿಯೇ. ಆದರೆ ಹೊಸದರಲ್ಲೂ ಅದೇ ಇಂಗಾಲದ ಪಟ್ಟಿಯಿದ್ದರೆ ಅದೇ ರೋಗ ಮರಳುತ್ತದೆ. ಪಟ್ಟಿಗೆ ಬದಲಾಗಿ ಇನ್ನೊಂದು ಬಗೆಯ ಸೆನ್ಸರಿದೆ: 1879ರಲ್ಲಿ ಭೌತವಿಜ್ಞಾನಿ ಎಡ್ವಿನ್ ಹಾಲ್ ಕಂಡ ಪರಿಣಾಮವನ್ನು ಬಳಸುವ ಅದು ಅಯಸ್ಕಾಂತದ ಸ್ಥಾನವನ್ನು ಮುಟ್ಟದೆಯೇ ಅಳೆಯುತ್ತದೆ. ಸ್ಪ್ರಿಂಗ್ ಸಡಿಲವಾಗಬಹುದು, ಆದರೆ ಉಜ್ಜಿ ಸವೆಯುವ ಪಟ್ಟಿ ಅದರಲ್ಲಿಲ್ಲ. 1998ರಲ್ಲಿ ಬಂದ ಸೇಗಾ ಡ್ರೀಮ್‌ಕಾಸ್ಟ್ ಕಂಟ್ರೋಲರಿನಲ್ಲೇ ಈ ಉಪಾಯವಿತ್ತು. ಏನು ಕೊಳ್ಳಬೇಕೆಂಬ ವಿವೇಕವೂ ದೋಷ ಹುಡುಕಿದವರಿಗೇ ಬರುತ್ತದೆ. ಆದ್ದರಿಂದ ಕೆಟ್ಟದ್ದನ್ನು ಎಸೆಯುವ ಮೊದಲು ಒಂದು ಸಂಜೆ ಅದಕ್ಕೆ ಕೊಡಿ. ಕಂಟ್ರೋಲರ್ ಉಳಿಯದಿದ್ದರೂ ಅದು ಏಕೆ ಕೆಟ್ಟಿತೆಂಬುದು ನಿಮಗೆ ತಿಳಿದಿರುತ್ತದೆ.